ಪ್ಲಾಸ್ಟರ್ ಸುತ್ತಿದ ತುದಿ

ಆ ದಿನ ನಾನು ಚಿಕ್ಕಪ್ಪನಿಗೆ ನಿಜವಾಗಿ ಏನು ಹೇಳಿದೆ ಎಂಬುದು ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಐದಾರು ವರ್ಷ ನಂಬಿಕೊಂಡಿದ್ದೆ. ಕೇಳಿದವರಿಗೆಲ್ಲ ಒಂದೇ ಮಾತುಗಳಲ್ಲಿ ಹೇಳುತ್ತಲೂ ಇದ್ದೆ. ಒಂದು ಸಂಗತಿಯನ್ನು ಪ್ರತಿ ಸಲವೂ ಒಂದೇ ಮಾತುಗಳಲ್ಲಿ ಹೇಳುವವನು ನೆನಪಿನಿಂದ ಹೇಳುತ್ತಿರುವುದಿಲ್ಲ, ಹಿಂದಿನ ಸಲ ಹೇಳಿದ್ದನ್ನು ಒಪ್ಪಿಸುತ್ತಿರುತ್ತಾನೆ ಎಂಬುದು ನನಗೆ ತಡವಾಗಿ ಹೊಳೆಯಿತು. ವರ್ಷವೂ ಖಚಿತವಿಲ್ಲ. ೧೯೮೨ ಇರಬೇಕು, ೮೩ ಆಗಿದ್ದರೂ ನಾನು ಜಗಳಕ್ಕೆ ನಿಲ್ಲುವುದಿಲ್ಲ.

ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದಿದ್ದೆ. ಕೆಲಸ ಸಿಕ್ಕಿರಲಿಲ್ಲ. ಚನ್ನಗಿರಿಯ ನಮ್ಮ ಮನೆಯಲ್ಲಿ ಕೂತು ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದೆ. ಆದರೆ ಎರಡು ದಿನಕ್ಕಿಂತ ಹೆಚ್ಚು ಒಂದೇ ಕಡೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಮೂರನೆಯ ದಿನ ಬಸ್ಸು ಹತ್ತಿ ಹೊನ್ನಾಳಿಯ ಚಿಕ್ಕಪ್ಪನ ಮನೆಗೆ ಹೋಗಿಬಿಡುತ್ತಿದ್ದೆ.

ಚಿಕ್ಕಪ್ಪನ ಮನೆಯ ಹಿತ್ತಲಿನಲ್ಲಿ ಒಂದು ತಗಡಿನ ಶೆಡ್ಡು ಇತ್ತು. ಅದಕ್ಕೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಪಂಪ್‌ಸೆಟ್ಟು ಕೆಟ್ಟರೆ ಸಾಸ್ವೆಹಳ್ಳಿ ಕಡೆಯ ಹೊಳೆ ದಂಡೆಯ ರೈತರು ಸೀದಾ ಹಿತ್ತಲ ಬಾಗಿಲಿಗೇ ಬರುತ್ತಿದ್ದರು. ಸವೆದುಹೋದ ಕಬ್ಬಿಣದ ಶಾಫ್ಟು ತೆಗೆದು ಸ್ಟೇನ್‌ಲೆಸ್ ಸ್ಟೀಲಿನ ಶಾಫ್ಟು ಹಾಕುವುದನ್ನು ಊರಿನಲ್ಲಿ ಮೊದಲು ಶುರು ಮಾಡಿದ್ದು ತಾನೇ ಎಂದು ಚಿಕ್ಕಪ್ಪ ಹೇಳುತ್ತಿದ್ದರು. ಅದನ್ನು ನಾನು ಪರೀಕ್ಷಿಸಿಲ್ಲ.

ಆ ಸ್ಟೀಲು ಕತ್ತರಿಸಲು ಅವರೇ ಒಂದು ಬ್ಯಾಂಡ್ ಸಾ, ಅಂದರೆ ಪಟ್ಟಿ ಗರಗಸ, ಕಟ್ಟಿಕೊಂಡಿದ್ದರು. ಹಳೆಯ ಸ್ಕೂಟರಿನ ಎರಡು ಚಕ್ರಗಳನ್ನು ಒಂದರ ಮೇಲೊಂದು ನಿಲ್ಲಿಸಿ, ಎರಡಕ್ಕೂ ಟ್ಯೂಬಿನ ರಬ್ಬರು ಸುತ್ತಿ, ಹಲ್ಲಿರುವ ಉಕ್ಕಿನ ಪಟ್ಟಿಯೊಂದನ್ನು ಬಳೆಯ ಹಾಗೆ ತುದಿಗೆ ತುದಿ ಬೆಸೆದು ಅವುಗಳ ಮೇಲೆ ಹಾಕಿದ್ದರು. ಚಕ್ರ ತಿರುಗಿದರೆ ಪಟ್ಟಿ ಮೇಲಿಂದ ಕೆಳಗೆ ಓಡುತ್ತಿತ್ತು. ಓಡುತ್ತಿತ್ತು ಎನ್ನುವುದು ಹೆಚ್ಚಾಯಿತು. ಮರದ ಮಿಲ್ಲುಗಳ ಗರಗಸ ಹಲ್ಲೇ ಕಾಣದಷ್ಟು ಜೋರಾಗಿ ತಿರುಗುತ್ತದೆ. ಇದು ಅದರ ಮುಂದೆ ಸಂತೆಯಿಂದ ಮನೆಗೆ ಹೊರಟ ಎತ್ತಿನ ಹಾಗೆ ಹೋಗುತ್ತಿತ್ತು. ಮೋಟರಿನಿಂದ ಚಕ್ರಕ್ಕೆ ಬರುವಷ್ಟರಲ್ಲಿ ವೇಗ ಇಳಿಯಲೆಂದು ನಡುವೆ ಮೂರು ಪುಲ್ಲಿಗಳನ್ನು ಹಾಕಿದ್ದರು.

"ಸ್ಟೀಲಿಗೆ ಅವಸರ ಆಗಲ್ಲ" ಎಂದು ಹೇಳುತ್ತಿದ್ದರು. "ಹಂಗಂತ ಸವರಿಕೋತ ಕೂತ್ರೂ ಆಗಲ್ಲ. ನಿಧಾನಕ್ಕೆ ಓಡಿಸ್ಬೇಕು, ಗಟ್ಟಿ ಒತ್ತಬೇಕು. ಒಂದು ಸಲ ಹಲ್ಲು ಕಚ್ತು ಅಂದ್ರೆ ಬಿಡಬಾರ್ದು. ಸುಮ್ನೆ ಉಜ್ಜಿದ್ರೆ ಅದು ಮೊಂಡು ಬೀಳ್ತದೆ. ಆಮೇಲೆ ನಿಮ್ಮಪ್ಪ ಬಂದ್ರೂ ಕಡಿಯಾಕೆ ಆಗಲ್ಲ."

ಉಜ್ಜಿದಷ್ಟೂ ಲೋಹದ ಮೈ ಗಟ್ಟಿಯಾಗುವ ಈ ಗುಣಕ್ಕೆ ನನ್ನ ಪುಸ್ತಕಗಳಲ್ಲಿ ಒಂದು ಹೆಸರಿತ್ತು. ಚಿಕ್ಕಪ್ಪನ ಹತ್ತಿರ ಹೆಸರಿರಲಿಲ್ಲ, ಕತ್ತರಿಸಿದ ಶಾಫ್ಟುಗಳಿದ್ದವು. ನಾನು ಅವರಿಗೆ ಹೆಸರು ಹೇಳಿಕೊಟ್ಟೆ. ಅವರು ಒಂದು ಸಲ ಅದನ್ನು ಹೇಳಲು ನೋಡಿ, "ಇರ್ಲಿ ಬಿಡು, ಇದರ ಹೆಸರು ಕೇಳಿ ಯಾರೂ ಪಂಪ್ ತರಲ್ಲ" ಎಂದರು.

ಅಲ್ಲಿನ ಇನ್ನೊಂದು ಪದ್ಧತಿಯನ್ನು ಹೇಳಬೇಕು. ರೈತರು ತರುವ ಶಾಫ್ಟಿನ ಒಂದು ತುದಿಯಲ್ಲಿ ಪಂಪಿನ ಫ್ಯಾನು ಕೂರುವಂತೆ ನಯವಾಗಿ ಒಂದು ತೋಡು ಕೊರೆದಿರುತ್ತಿತ್ತು. ಆ ತುದಿಗೆ ಪೆಟ್ಟು ಬಿದ್ದರೆ ಶಾಫ್ಟು ಹೋದಂತೆಯೇ. ಹಾಗಾಗಿ ಆ ತುದಿಗೆ ಒಂದು ಬಟ್ಟೆ ಚೂರು ಸುತ್ತುತ್ತಿದ್ದರು. ಬಟ್ಟೆ ಸುತ್ತಿದ ಕಡೆ ಯಾರೂ ಮುಟ್ಟುವಂತಿಲ್ಲ. ಉದ್ದ ಹೆಚ್ಚಿದ್ದರೆ ಬರಿಯ ತುದಿಯಿಂದ ಕತ್ತರಿಸಬೇಕು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ರೈತರು ಮನೆಯಿಂದಲೇ ಹಳೆಯ ಪಂಚೆಯ ಚೂರು ಸುತ್ತಿಕೊಂಡು ಬಂದು, ಚಿಕ್ಕಪ್ಪನ ಕೈಗೆ ಕೊಟ್ಟು, "ಮೂರು ಬೆರಳು ಜಾಸ್ತಿ ಐತೆ ನೋಡ್ರಿ" ಎಂದಷ್ಟೇ ಹೇಳಿ ಬೀಡಿ ಹಚ್ಚುತ್ತಿದ್ದರು. ಯಾವ ಕಡೆಯಿಂದ ಎಂದು ಯಾರೂ ಕೇಳುತ್ತಿರಲಿಲ್ಲ.

ಆ ವರ್ಷ ಚಿಕ್ಕಪ್ಪ ಚಿಕ್ಕಮ್ಮನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಸಾಸ್ವೆಹಳ್ಳಿಯಿಂದ ಬರುವಾಗ ಎಮ್ಮೆಯೊಂದು ಅಡ್ಡ ಬಂತು. ಚಿಕ್ಕಪ್ಪ ಹ್ಯಾಂಡಲ್ ತಿರುಗಿಸಿದರು. ಅವರಿಗೆ ಮೊಣಕೈ ತರಚಿತು. ಚಿಕ್ಕಮ್ಮನ ಬಲತೊಡೆಯ ಮೂಳೆ ಮುರಿಯಿತು. ಹೊನ್ನಾಳಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಮಲಗಿಸಿ, ಕಾಲಿಗೆ ಹಗ್ಗ ಕಟ್ಟಿ, ಮಂಚದ ತುದಿಯಿಂದ ಇಟ್ಟಿಗೆಗಳನ್ನು ಇಳಿಬಿಟ್ಟಿದ್ದರು. ಹಾಗೆ ಮೂರು ವಾರವಾಗಿತ್ತು. ನೋಡಲು ಬಂದವರಿಗೆಲ್ಲ ಚಿಕ್ಕಮ್ಮನದು ಒಂದೇ ಮಾತು: "ಎಮ್ಮೆ ಉಳಿಸಿದ್ರು, ಹೆಂಡ್ತಿ ಕೆಡವಿದ್ರು. ಎಮ್ಮೆ ಹಾಲಾದ್ರೂ ಕೊಡ್ತದೆ ಅಂತ ಲೆಕ್ಕ ಹಾಕಿರ್ಬೇಕು."

ಎಲ್ಲರೂ ನಗುತ್ತಿದ್ದರು. ಚಿಕ್ಕಪ್ಪ ಮಾತ್ರ ನಗುತ್ತಿರಲಿಲ್ಲ. ಬೆಳಿಗ್ಗೆ ಗಂಜಿ ತಂದುಕೊಟ್ಟು, ಇಟ್ಟಿಗೆಗಳನ್ನು ಒಮ್ಮೆ ನೋಡಿ, ಸೀದಾ ಶೆಡ್ಡಿಗೆ ಹೋಗಿಬಿಡುತ್ತಿದ್ದರು. ಮಂಚದ ಪಕ್ಕ ಕೂರುವುದು ನನ್ನ ಪಾಲಿಗೆ ಬಂದಿತ್ತು.

ದಾವಣಗೆರೆಯಿಂದ ಮೂಳೆ ಡಾಕ್ಟರೊಬ್ಬರು ವಾರಕ್ಕೊಮ್ಮೆ ಬರುತ್ತಿದ್ದರು. ಆ ದಿನ ಅರಿವಳಿಕೆ ಕೊಡುವ ಡಾಕ್ಟರನ್ನೂ ಕರೆತಂದಿದ್ದರು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ನನ್ನನ್ನು ಒಳಕ್ಕೆ ಕರೆದು, ಬಿಳಿ ಟವೆಲು ಬಿಚ್ಚಿ ಒಂದು ರಾಡನ್ನು ತೋರಿಸಿದರು. ಹೆಚ್ಚು ಕಡಿಮೆ ಒಂದು ಮೊಳ ಉದ್ದ, ಹೆಬ್ಬೆರಳಿಗಿಂತ ಸಣ್ಣ, ಒಳಗೆ ಟೊಳ್ಳು. ಒಂದು ಪಕ್ಕ ಉದ್ದಕ್ಕೂ ಸೀಳು. ನೀರಿನಲ್ಲಿ ತೊಳೆದಿಟ್ಟ ಸ್ಟೀಲ್ ಲೋಟದ ಹಾಗೆ ಹೊಳೆಯುತ್ತಿತ್ತು.

"ಇದು ಚಿಕ್ಕಮ್ಮನ ಕಾಲಿಗಾ?" ಎಂದೆ. ಕಾಲಿಗೆ ಆಸರೆಯಾಗಿ ಹೊರಗಿನಿಂದ ಕಟ್ಟುತ್ತಾರೆ ಎಂದು ತಿಳಿದಿದ್ದೆ.

"ಕಾಲಿಗಲ್ಲ, ಕಾಲೊಳಗೆ" ಎಂದರು ಡಾಕ್ಟರು. "ತೊಡೆ ಮೂಳೆ ಒಳಗೆ ಟೊಳ್ಳಿರುತ್ತಲ್ಲ? ಮೇಲಿಂದ ಇದನ್ನ ಒಳಗೆ ಹೊಡೆದುಬಿಡ್ತೀವಿ. ಮುರಿದ ಎರಡು ತುಂಡೂ ಇದರ ಮೇಲೆ ನೇರ ಕೂರುತ್ತವೆ."

"ಹೊಡೆಯೋದು ಅಂದ್ರೆ?"

"ಸುತ್ತಿಗೇಲಿ. ಇನ್ನೇನರಲ್ಲಿ?"

ನಾನು ಎಂ.ಎಸ್ಸಿ. ಓದಿದವನು. ಪರಮಾಣುವಿನ ಒಳಗನ್ನು ಗಣಿತದಲ್ಲಿ ಬಿಡಿಸಿ ಬರೆದವನು. ಮನುಷ್ಯರ ಮೂಳೆಯೊಳಗೆ ಸುತ್ತಿಗೆಯಿಂದ ಉಕ್ಕು ಹೊಡೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ. ಗೋಡೆ ಹಿಡಿದುಕೊಂಡೆ. ಡಾಕ್ಟರು ನನ್ನ ಮುಖ ನೋಡಿ, ಒಂದು ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು.

ತೊಂದರೆ ಏನೆಂದರೆ, ಅವರು ತಂದಿದ್ದರಲ್ಲಿ ಚಿಕ್ಕಮ್ಮನ ಮೂಳೆಯ ದಪ್ಪಕ್ಕೆ ಹೊಂದುವ ರಾಡು ಅದೊಂದೇ, ಮತ್ತು ಅದು ಎತ್ತರದ ಗಂಡಸರ ಅಳತೆಯದು. ಚಿಕ್ಕಮ್ಮ ಗಿಡ್ಡ. ಒಳ್ಳೆಯ ಕಾಲಿನ ಪಕ್ಕ ಹಿಡಿದು ನೋಡಿದರೆ ಎರಡು ಇಂಚು ಹೆಚ್ಚು. ಹಾಗೇ ಹೊಡೆದರೆ ಮಂಡಿಯೊಳಕ್ಕೆ ನುಗ್ಗುತ್ತದೆ, ಕಾಲು ಇನ್ನೆಂದೂ ಮಡಚುವುದಿಲ್ಲ. ಅಲ್ಲಿದ್ದ ಹ್ಯಾಕ್ಸಾ ಬ್ಲೇಡು ಅದರ ಮೇಲೆ ಬರೀ ಜಾರುತ್ತಿತ್ತು. ಮುಂದಿನ ವಾರ ಬೇರೆ ರಾಡು ತರಬಹುದು. ಆದರೆ ಮೂರು ವಾರದಲ್ಲಿ ಮೂಳೆ ಸೊಟ್ಟಗೆ ಕೂಡಲು ಶುರುವಾಗಿದೆ, ಇನ್ನೊಂದು ವಾರ ಬಿಟ್ಟರೆ ಮತ್ತೆ ಒಡೆದು ಕೂರಿಸಬೇಕಾದೀತು, ಕಾಲು ಗಿಡ್ಡವಾಗಲೂಬಹುದು ಎಂದರು. ಅರಿವಳಿಕೆ ಡಾಕ್ಟರು ನಾಲ್ಕು ಗಂಟೆಗೆ ದಾವಣಗೆರೆಗೆ ಹೊರಡಲೇಬೇಕಿತ್ತು. ಅದಕ್ಕೆ ಮೊದಲು ರಾಡು ಅರ್ಧ ಗಂಟೆ ಕುದಿಯಬೇಕಿತ್ತು.

"ನಿಮ್ಮ ಚಿಕ್ಕಪ್ಪ ಸ್ಟೀಲ್ ಕತ್ತರಿಸ್ತಾರಂತಲ್ಲ?" ಎಂದರು. ಚಿಕ್ಕಮ್ಮನೇ ಹೇಳಿದ್ದಳಂತೆ.

ರಾಡಿನ ಒಂದು ತುದಿ ಸ್ವಲ್ಪ ಚೂಪಾಗಿತ್ತು. ಮೂಳೆಯೊಳಗೆ ಮೊದಲು ನುಗ್ಗುವುದು ಅದು. ಇನ್ನೊಂದು ತುದಿಯ ಹತ್ತಿರ ಒಂದು ತೂತಿತ್ತು. "ಎರಡು ವರ್ಷ ಬಿಟ್ಟು ಈ ತೂತಿಗೆ ಕೊಕ್ಕೆ ಹಾಕಿ ರಾಡನ್ನ ಎಳೆದು ತೆಗೀಬೇಕು. ತೂತು ಹೋಗಬಾರದು. ಚೂಪು ತುದೀಲಿ ಎರಡು ಇಂಚು ತೆಗೆದು, ಅಂಚು ನುಣ್ಣಗೆ ಉಜ್ಜಿಕೊಡಲಿ" ಎಂದು ಹೇಳಿ, ಮರೆಯದಿರಲೆಂದು ಆ ಚೂಪು ತುದಿಗೆ ಗಾಯಕ್ಕೆ ಅಂಟಿಸುವ ಬಿಳಿ ಪ್ಲಾಸ್ಟರನ್ನು ಎರಡು ಸುತ್ತು ಸುತ್ತಿದರು. ಡಾಕ್ಟರು ಇದನ್ನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಮುಂದಿನದೇ ಸಮಸ್ಯೆ.

ಸೈಕಲ್ಲು ತುಳಿದುಕೊಂಡು ಹೋದೆ. ರಾಡನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡಿದ್ದೆ. ತಣ್ಣಗೆ ಹೊಟ್ಟೆಗೆ ತಾಗುತ್ತಿತ್ತು. ಸಂಜೆಯ ಹೊತ್ತಿಗೆ ಇದು ಚಿಕ್ಕಮ್ಮನ ಒಳಗಿರುತ್ತದೆ ಎನ್ನಿಸಿ ಮೈ ಜುಮ್ಮೆಂದಿತು.

ಶೆಡ್ಡಿನಲ್ಲಿ ಚಿಕ್ಕಪ್ಪನ ಕೈಗೆ ರಾಡು ಕೊಟ್ಟೆ. ಆಗ ನಾನು ಏನೆಂದೆ? ಒಂದು ನೆನಪಿನಲ್ಲಿ, "ಪ್ಲಾಸ್ಟರ್ ಇರೋ ತುದಿಯಿಂದ ಎರಡು ಇಂಚು ತೆಗೀಬೇಕಂತೆ" ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಇನ್ನೊಂದರಲ್ಲಿ, "ಎರಡು ಇಂಚು ಜಾಸ್ತಿ ಐತಂತೆ, ಡಾಕ್ಟ್ರು ಪ್ಲಾಸ್ಟರ್ ಸುತ್ತಿ ಗುರುತು ಮಾಡ್ಯಾರೆ" ಎನ್ನುತ್ತೇನೆ. ಮೂರನೆಯದರಲ್ಲಿ ನನಗೆ ಏದುಸಿರು. "ಎರಡು ಇಂಚು, ಬೇಗ" ಎಂದಷ್ಟೇ ಹೇಳುತ್ತೇನೆ. ಮೂರರಲ್ಲೂ ಚಿಕ್ಕಪ್ಪ ನೀಲಿ ಅಂಗಿ ಹಾಕಿಕೊಂಡಿದ್ದಾರೆ, ಮೂರರಲ್ಲೂ ನನಗೆ ಬಾಯಾರಿದೆ. ಯಾವುದು ನಡೆದದ್ದು, ಯಾವುದು ಆಮೇಲೆ ಹುಟ್ಟಿದ್ದು ಎಂದು ಹೇಳಲಾರೆ.

"ಇದು ಎಲ್ಲಿಗೆ ಹಾಕೋದು?" ಎಂದು ಕೇಳಿದರು.

"ಮೂಳೆ ಒಳಗೆ. ಸುತ್ತಿಗೇಲಿ ಹೊಡೀತಾರಂತೆ."

ಚಿಕ್ಕಪ್ಪ ರಾಡನ್ನು ಬೆಳಕಿಗೆ ಹಿಡಿದು ಅದರೊಳಗಿಂದ ಆಚೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ಗೇಜು ತೆಳು ಐತೆ" ಎಂದರು. ಅವರ ದನಿ ಬೇರೆಯಾಗಿತ್ತು.

ಕೊಳವೆಯ ಗೋಡೆ ತೆಳ್ಳಗಿದ್ದರೆ ಗರಗಸಕ್ಕೆ ಅಪಾಯ. ಹಲ್ಲುಗಳ ನಡುವಿನ ಸಂದಿಗಿಂತ ಲೋಹ ತೆಳುವಾಗಿದ್ದರೆ ಅಂಚು ಆ ಸಂದಿಗೆ ಸಿಕ್ಕಿ ಹಲ್ಲನ್ನೇ ಕಿತ್ತುಬಿಡುತ್ತದೆ. ಚಿಕ್ಕಪ್ಪ ಇದ್ದ ಪಟ್ಟಿಯನ್ನು ಬಿಚ್ಚಿ ಸಣ್ಣ ಹಲ್ಲಿನದನ್ನು ಹಾಕಿದರು. ಬೇವಿನ ಕಡ್ಡಿಯೊಂದನ್ನು ಕೆತ್ತಿ ರಾಡಿನ ಟೊಳ್ಳಿಗೆ ಬಿಗಿಯಾಗಿ ಬಡಿದರು, ಗೋಡೆ ಅದುರದಿರಲೆಂದು. ಬಿಗಿಹಿಡಿಯುವ ವೈಸಿಗೆ ನೇರ ಕಚ್ಚಿಸಿದರೆ ನಜ್ಜೀತೆಂದು ಎರಡು ಮರದ ತುಂಡುಗಳ ನಡುವೆ ಇಟ್ಟು ಬಿಗಿದರು. ಕತ್ತರಿಸುವಾಗ ಬಿಡುವ ಸಾಬೂನು ನೀರಿನ ಡಬ್ಬಿಯನ್ನು ಕೈಗೆತ್ತಿಕೊಂಡವರು ಮೂಸಿ ನೋಡಿ ಪಕ್ಕಕ್ಕಿಟ್ಟರು.

"ಒಳಗೆ ಹೋಗಿ ದೇವರ ಗೂಡಿನ ಪಕ್ಕ ಕೊಬ್ಬರಿ ಎಣ್ಣೆ ಬಾಟ್ಲಿ ಐತೆ, ತಗಂಬಾ. ಹೊಸದು. ನಿಮ್ಮ ಚಿಕ್ಕಮ್ಮ ತಲೆಗೆ ಹಚ್ಚೋದು."

"ಹೆಂಗೂ ಕುದಿಸ್ತಾರೆ ಚಿಕ್ಕಪ್ಪ."

"ಕುದಿಸ್ಲಿ. ಗಲೀಜು ನೀರು ಅವಳ ಒಳಗೆ ಹೋಗೋದು ಬ್ಯಾಡ. ಬಾಟ್ಲಿ ತಾ."

ಹಲ್ಲು ತಾಗುವ ಜಾಗಕ್ಕೆ ಒಂದೊಂದೇ ಹನಿ ಎಣ್ಣೆ ಬಿಡುವುದು ನನ್ನ ಕೆಲಸ. ಮೋಟರು ಹಾಕಿದರು. ಪಟ್ಟಿ ನಿಧಾನಕ್ಕೆ ಇಳಿಯತೊಡಗಿತು. ಹಲ್ಲು ಕಚ್ಚಿದ ಕೂಡಲೇ ಹಸಿ ಬಟ್ಟೆ ಹರಿಯುವಂಥ ಸದ್ದು. ಕೊಬ್ಬರಿ ಎಣ್ಣೆ ಬಿಸಿಯಾದ ವಾಸನೆ ಶೆಡ್ಡು ತುಂಬಿತು. ಕೂದಲಿಗಿಂತ ಸಣ್ಣ ಬೆಳ್ಳಿ ಬಣ್ಣದ ಚೂರುಗಳು ಎಣ್ಣೆಯಲ್ಲಿ ತೇಲಿ ಬಂದವು. ನಾನು ಸುಮ್ಮನಿದ್ದೆನೆ? ಇಲ್ಲ. ಉಜ್ಜಿದರೆ ಲೋಹದ ಹರಳುಗಳು ಹೇಗೆ ಸಾಲು ತಪ್ಪುತ್ತವೆ, ಯಾಕೆ ಗಟ್ಟಿಯಾಗುತ್ತವೆ ಎಂದು ವಿವರಿಸುತ್ತಿದ್ದೆ. ಹೆದರಿಕೆಯಾದಾಗ ಪಾಠ ಹೇಳುವುದು ನನ್ನ ಚಾಳಿ. ನನ್ನ ಕಣ್ಣು ಎಣ್ಣೆಯ ಹನಿಯ ಮೇಲಿತ್ತು, ಬಾಯಿ ಹರಳುಗಳ ಮೇಲಿತ್ತು. ವೈಸಿನ ಆ ಕಡೆ ಬಿಳಿ ಪ್ಲಾಸ್ಟರಿನ ತುದಿ ಮುಟ್ಟದೆ ಉಳಿದಿರುವುದನ್ನು ನಾನು ನೋಡಲಿಲ್ಲ.

ತುಂಡು ಕೆಳಗಿನ ತಗಡಿನ ಡಬ್ಬಿಗೆ ಬಿತ್ತು. ಚಿಕ್ಕಪ್ಪ ಮೋಟರು ನಿಲ್ಲಿಸಿದರು. ನಾನು ಬಗ್ಗಿ ಅದನ್ನು ಎತ್ತಿಕೊಂಡೆ. ಕೈ ಸುಟ್ಟಿತು, ಆದರೂ ಬಿಡಲಿಲ್ಲ. ಎರಡು ಇಂಚಿನ ಆ ತುಂಡಿನಲ್ಲಿ ತೂತಿತ್ತು.

ನನಗೆ ಮೊದಲು ಅರ್ಥವಾಗಲಿಲ್ಲ. ಆ ತೂತಿನಿಂದ ಶೆಡ್ಡಿನ ಬಾಗಿಲಿನ ಬೆಳಕು ಕಾಣುತ್ತಿತ್ತು. ಆಮೇಲೆ ಒಮ್ಮೆಗೇ ಅರ್ಥವಾಯಿತು.

"ಚಿಕ್ಕಪ್ಪ, ಯಾವ ಕಡೆ ಕಡಿದ್ರಿ?"

"ಬರೀ ಕಡೆ. ಬಟ್ಟೆ ಸುತ್ತಿದ ಕಡೆ ಮುಟ್ಟಬಾರ್ದಲ್ಲ?"

"ಅದು ಬಟ್ಟೆ ಅಲ್ಲ, ಪ್ಲಾಸ್ಟರು! ಅದನ್ನ ತೆಗೀಬೇಕಾಗಿತ್ತು! ಈ ತೂತು ಬೇಕಾಗಿತ್ತು!"

"ತೂತು..." ಎಂದರು. "ಸೌಟಿಗೆ ಇರ್ತದಲ್ಲ, ಹಂಗೆ ಗೂಟಕ್ಕೆ ತೂಗುಹಾಕಾಕೆ ಅಂದ್ಕಂಡೆ."

ಚಿಕ್ಕಪ್ಪ ನನ್ನ ಕೈಯಿಂದ ತುಂಡನ್ನು ತೆಗೆದುಕೊಂಡು, ರಾಡಿನ ಕತ್ತರಿಸಿದ ತುದಿಗೆ ಹಿಡಿದು ಜೋಡಿಸಿದರು. ಜೋಡಿಸಿದರೆ ಕೂಡುತ್ತದೆ ಎಂಬಂತೆ.

ಆಗ ನಾನು ಆಡಿದ ಮಾತು ಮಾತ್ರ ನನಗೆ ಸಂಶಯವಿಲ್ಲದಂತೆ ನೆನಪಿದೆ. ಅದು ನೆನಪಿರದಿದ್ದರೆ ಚೆನ್ನಾಗಿತ್ತು. "ಉದ್ದ ಸರಿ ಐತಲ್ಲ, ಪ್ಲಾಸ್ಟರ್ ಕಿತ್ತು ಹಂಗೇ ಕೊಡಾಣ. ತೆಗೆಯೋದು ಎರಡು ವರ್ಷ ಆದಮೇಲೆ. ಆಗ ನೋಡ್ಕಳ್ಳಾಣ" ಎಂದೆ.

ಚಿಕ್ಕಪ್ಪ ತಲೆಯೆತ್ತಿದರು. "ಆಗ ಅವರು ಹೆಂಗೆ ತೆಗೀತಾರೆ? ಹಿಡಿಯಾಕೆ ಏನೈತೆ ಅಲ್ಲಿ? ಮೂಳೆ ಸೀಳ್ತಾರಾ?"

ನನ್ನ ಬಾಯಿಂದ ಅಂಥ ಮಾತು ಬಂತಲ್ಲ ಎಂದು ದಂಗಾಗಿ ನಿಂತಿದ್ದೆ.

"ಎರಡು ವರ್ಷ ಆದಮೇಲೂ ಅದು ಅವಳ ಕಾಲೇ" ಎಂದರು. "ಗಂಟೆ ಎಷ್ಟು?"

ಎರಡಾಗಿತ್ತು.

ಹೊಸ ತೂತು ಕೊರೆಯಲು ನಿಂತರು. ಬೇವಿನ ಕಡ್ಡಿ ಒಳಗೇ ಇತ್ತು. ಕರೆಂಟಿನ ಡ್ರಿಲ್ಲಿಗೆ ಕೊರೆಯುವ ಬಿಟ್ಟನ್ನು ಸಿಕ್ಕಿಸಿದರು. ಬಿಟ್ಟು ತಾಗಿದ್ದೇ ಕಿರ್ರೆಂದು ಚೀರಿತು. ಒಂದು ನಿಮಿಷ, ಎರಡು ನಿಮಿಷ. ತೆಗೆದು ನೋಡಿದರೆ ಒಂದು ಸಣ್ಣ ತಗ್ಗು ಮಾತ್ರ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ವೇಗ ಹೆಚ್ಚಾಗಿ ಬರೀ ಉಜ್ಜಿ ಮೊಂಡಾಗಿಬಿಟ್ಟಿತ್ತು. ಚಿಕ್ಕಪ್ಪ ನನಗೆ ನೂರು ಸಲ ಹೇಳಿದ ತಪ್ಪನ್ನು ಅವರೇ ಮಾಡಿದ್ದರು. ಬಿಟ್ಟಿನ ಮೂತಿ ನೀಲಿಗಟ್ಟಿತ್ತು.

ಅಷ್ಟರಲ್ಲಿ ಕರೆಂಟು ಹೋಯಿತು. ಹೋಯಿತು ಎಂದು ನನ್ನ ನೆನಪು. ಹೋಗಿರಲಿಲ್ಲ, ತಾನೇ ಕೈ ಡ್ರಿಲ್ಲು ತೆಗೆದುಕೊಂಡೆ ಎಂದು ಚಿಕ್ಕಪ್ಪ ಆಮೇಲೆ ವಾದಿಸುತ್ತಿದ್ದರು. ಹೇಗೋ, ಗೋಡೆಗೆ ತೂಗುಹಾಕಿದ್ದ ಹಳೆಯ ಎದೆ ಡ್ರಿಲ್ಲು ಕೆಳಗಿಳಿಯಿತು. ಒಂದು ಕಡೆ ಎದೆಗೆ ಒತ್ತಿಕೊಳ್ಳುವ ತಟ್ಟೆ, ಪಕ್ಕದಲ್ಲಿ ತಿರುಗಿಸುವ ಹಿಡಿ. ಮೊಂಡಾದ ಜಾಗ ಬಿಟ್ಟು ಒಂದು ಕಾಳಿನಷ್ಟು ಪಕ್ಕಕ್ಕೆ ಹೊಸ ಬಿಟ್ಟನ್ನು ಇಟ್ಟರು. ಇಡೀ ಮೈ ಭಾರವನ್ನು ಎದೆಯ ಮೇಲೆ ಹಾಕಿ ಬಗ್ಗಿದರು.

"ನೀನು ತಿರುಗ್ಸು. ನಿಧಾನ. ನಾನು ಹೇಳೋ ತನಕ ನಿಲ್ಲಿಸ್ಬೇಡ. ಬಾಯಿ ಮುಚ್ಕೊಂಡು ತಿರುಗ್ಸು."

ತಿರುಗಿಸಿದೆ. ಅವರ ಮುಖ ನನ್ನ ಮುಖದ ಹತ್ತಿರವೇ ಇತ್ತು. ಹಣೆಯ ಬೆವರು ಮೂಗಿನ ಮೇಲಿಳಿದು ರಾಡಿನ ಮೇಲೆ ಬಿತ್ತು. ಕೊಬ್ಬರಿ ಎಣ್ಣೆ ಬಿಡಲು ಮೂರನೆಯ ಕೈ ಇರಲಿಲ್ಲ. ಅವರೇ ಬಾಟಲಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಗ್ಗಿಸುತ್ತಿದ್ದರು. ಆಗೊಂದು ಕ್ಷಣ ಹಿಡಿ ಭಾರವಾಯಿತು. ಬಿಟ್ಟಿನ ಮೂತಿ ಸ್ಟೀಲನ್ನು ಕಚ್ಚಿತ್ತು. ಸುರುಳಿ ಸುರುಳಿಯಾಗಿ ಸ್ಟೀಲು ಮೇಲೆ ಬಂತು, ಹಿಂದೆಯೇ ಹಳದಿ ಬೇವಿನ ಪುಡಿ. ತೂತು ಬಿದ್ದಿತ್ತು. ಅದನ್ನು ದೊಡ್ಡದು ಮಾಡಿ, ಅಂಚುಗಳನ್ನು ಸಣ್ಣ ಅರದಿಂದ ಉಜ್ಜಿ, ಬೆರಳು ಸವರಿ ನೋಡಿದರು. ಕೊನೆಗೆ ನಾಲಿಗೆಯ ತುದಿಯಿಂದಲೂ ಸವರಿ ನೋಡಿದರು. ಚೂಪು ಉಳಿದಿದ್ದರೆ ಬೆರಳಿಗೆ ತಿಳಿಯದಿದ್ದರೂ ನಾಲಿಗೆಗೆ ತಿಳಿಯುತ್ತದಂತೆ. ಬೇವಿನ ಕಡ್ಡಿಯನ್ನು ಹೊರಕ್ಕೆ ಬಡಿದು ರಾಡನ್ನು ನನ್ನ ಕೈಗಿತ್ತರು. ಈ ಸಲ ಇಬ್ಬರೂ ಹೊರಟೆವು. ಅವರು ಸೈಕಲ್ಲು ತುಳಿದರು, ನಾನು ಹಿಂದೆ ರಾಡು ಹಿಡಿದು ಕೂತೆ.

ಡಾಕ್ಟರು ಪ್ಲಾಸ್ಟರನ್ನು ಕಿತ್ತು ನೋಡಿದರು. ಚೂಪು ತುದಿ ಹಾಗೇ ಇತ್ತು. ಅವರ ಕಿವಿ ಕೆಂಪಾಯಿತು.

"ನಾನು ಹೇಳಿದ್ದೇನು, ನೀವು ಮಾಡಿದ್ದೇನು?"

ನಾನು ಬಾಯಿ ತೆರೆಯುವುದರೊಳಗೆ ಚಿಕ್ಕಪ್ಪ ಮುಂದೆ ಬಂದರು. "ತಪ್ಪು ನಂದು ಸ್ವಾಮಿ. ತೂತು ಕೊರೆದೀನಿ, ನೋಡ್ರಿ."

ಡಾಕ್ಟರು ಪೆಟ್ಟಿಗೆಯಿಂದ ಕೊಕ್ಕೆಯೊಂದನ್ನು ತೆಗೆದು ತೂತಿಗೆ ಹಾಕಿ ಜಗ್ಗಿದರು. ಮತ್ತೊಮ್ಮೆ ಜಗ್ಗಿದರು. ಚಿಕ್ಕಪ್ಪನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ನರ್ಸಿಗೆ, "ಕುದಿಯೋಕೆ ಹಾಕಮ್ಮ" ಎಂದರು.

ನಾವು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತೆವು. ಆಮೇಲೆ ಆ ಸದ್ದು ಶುರುವಾಯಿತು. ಉಕ್ಕಿನ ಮೇಲೆ ಸುತ್ತಿಗೆ. ಟಣ್. ಟಣ್. ಆಸ್ಪತ್ರೆಯಲ್ಲಿ ಅಂಥ ಸದ್ದು ಕೇಳುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಪ್ರತಿ ಏಟಿಗೂ ನನ್ನ ತೊಡೆ ತಾನಾಗಿ ಬಿಗಿಯುತ್ತಿತ್ತು. ಚಿಕ್ಕಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರು ಸುಮ್ಮನೆ ಕೇಳುತ್ತಿರಲಿಲ್ಲ. ಶೆಡ್ಡಿನಲ್ಲಿ ಬೇರಿಂಗ್ ಕೂರಿಸುವಾಗ ಕೇಳುವಂತೆ ತಲೆ ಒಂದು ಕಡೆ ವಾಲಿಸಿ ಕೇಳುತ್ತಿದ್ದರು.

"ನೇರ ಹೊಡೀತಾನೆ" ಎಂದರು, ಪಿಸುದನಿಯಲ್ಲಿ. ಇನ್ನೂ ಕೆಲವು ಏಟು. ಸದ್ದು ದಪ್ಪವಾಯಿತು. "ಈಗ ಕೂತ್ಕಂತು ನೋಡು. ಇನ್ನೊಂದೇ ಏಟು." ಒಂದೇ ಏಟು ಬಿತ್ತು, ನಿಂತಿತು. ಚಿಕ್ಕಪ್ಪ ಎದ್ದು, ಗೋಡೆ ಹಿಡಿದುಕೊಂಡು ಹೋಗಿ, ಚರಂಡಿಯ ಹತ್ತಿರ ಕೂತು ವಾಂತಿ ಮಾಡಿಕೊಂಡರು.

ಸೊಂಟದ ಕೆಳಗಷ್ಟೇ ಅರಿವಳಿಕೆ ಕೊಟ್ಟಿದ್ದರಿಂದ ಚಿಕ್ಕಮ್ಮನಿಗೆ ಎಲ್ಲ ಕೇಳಿಸಿತ್ತಂತೆ. ಸಂಜೆ ನಮ್ಮನ್ನು ನೋಡಿದವಳೇ, "ಯಾರದೋ ಹಿತ್ತಲಾಗೆ ದನಕ್ಕೆ ಗೂಟ ಹೊಡೀತಾರೆ ಅನ್ಕಂಡೆ. ನೋಡಿದ್ರೆ ಹಿತ್ತಲು ನಾನೇ" ಎಂದಳು.

ಮೂಳೆ ಕೂಡಿತು. ತವರೂರು ನ್ಯಾಮತಿಯಲ್ಲಿ ನಾಲ್ಕೈದು ತಿಂಗಳಿದ್ದು, ಕೋಲು ಬಿಟ್ಟು ನಡೆದಳು. ಎರಡು ವರ್ಷವಾದ ಮೇಲೆ ರಾಡನ್ನು ತೆಗೆಸಿದರು. ಆಗಲೂ ಆರೈಕೆಗೆ ನ್ಯಾಮತಿಗೇ ಹೋದಳು. ಅಷ್ಟರಲ್ಲಿ ನನಗೆ ಜಗಳೂರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ಸ್ಟಾಫ್ ರೂಮಿನಲ್ಲಿ ಈ ಕಥೆಯನ್ನು ಎಷ್ಟೋ ಸಲ ಹೇಳಿದೆ. ಕಥೆಯಲ್ಲಿ ನಾನು ಸ್ಪಷ್ಟವಾಗಿ ಹೇಳುತ್ತಿದ್ದೆ, ಚಿಕ್ಕಪ್ಪ ರೂಢಿಯ ಬಲದಿಂದ ತಪ್ಪು ತುದಿ ಕತ್ತರಿಸುತ್ತಿದ್ದರು. ಕೇಳುವವರು ನಗುತ್ತಿದ್ದರು.

ಒಂದು ದಿನ ಇತಿಹಾಸದ ಮೇಷ್ಟರು ಟೀ ಕುಡಿಯುತ್ತ, "ಅದು ಸರಿ ಸಾರ್, ನೀವು ಹಂಗೆ ಹೇಳಿದಾಗ ನಿಮ್ಮ ಚಿಕ್ಕಪ್ಪ ಏನಂದ್ರು?" ಎಂದು ಕೇಳಿದರು.

ನನ್ನ ಕಥೆಯಲ್ಲಿ ಹುಡುಕಿದೆ. ಅಲ್ಲಿ ಚಿಕ್ಕಪ್ಪನ ಮಾತೇ ಇರಲಿಲ್ಲ. ಚಿಕ್ಕಪ್ಪನಿಗೆ ಯಾರು ಏನೇ ಅಳತೆ ಹೇಳಿದರೂ ಅದನ್ನು ತಿರುಗಿ ತಮ್ಮ ಬಾಯಲ್ಲಿ ಹೇಳುವ ಅಭ್ಯಾಸವಿತ್ತು. ನನ್ನ ಕಥೆಯಲ್ಲಿ ಅವರು ಒಂದು ಸಲವೂ ಹಾಗೆ ಹೇಳಿರಲಿಲ್ಲ. ಹೇಳದೇ ಇದ್ದ ಮಾತಿಗೆ ಯಾರು ಉತ್ತರ ಕೊಡುತ್ತಾರೆ? ಇಷ್ಟು ವರ್ಷ ಒಬ್ಬ ಮನುಷ್ಯನ ತಪ್ಪನ್ನು ನಗುತ್ತ ಹಂಚುತ್ತಿದ್ದೆ, ಅದು ನನ್ನದಾಗಿರಬಹುದೆಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಹೊನ್ನಾಳಿಗೆ ಹೋಗಿ ಚಿಕ್ಕಪ್ಪನನ್ನೇ ಕೇಳಿದೆ. ಅವರ ಉತ್ತರ ನನ್ನನ್ನು ಇನ್ನೂ ಕಂಗೆಡಿಸಿತು. "ತಪ್ಪು ಯಾರೂ ಮಾಡಿಲ್ಲ. ನಾನು ಕಡಿದಿದ್ದು ಡಾಕ್ಟ್ರು ಹೇಳಿದ ತುದೀನೇ. ತೂತು ಸಣ್ಣದಾಗಿತ್ತು, ದೊಡ್ಡದು ಮಾಡಿಕೊಟ್ಟೆ, ಅಷ್ಟೇ" ಎಂದರು. ನನ್ನನ್ನು ಉಳಿಸಲು ಹೇಳಿದರೋ, ನಂಬಿಯೇ ಹೇಳಿದರೋ ತಿಳಿಯಲಿಲ್ಲ. ಕಣ್ಣು ತಪ್ಪಿಸದೆ ಹೇಳಿದರು. ನನ್ನ ಕೈ ಸುಟ್ಟ ತುಂಡು, ಅದರ ತೂತಿನಿಂದ ಕಂಡ ಬೆಳಕು, ನಾನಾಡಿದ ಆ ಕೆಟ್ಟ ಮಾತು, ಇವೆಲ್ಲ ಹಾಗಾದರೆ ಎಲ್ಲಿಂದ ಬಂದವು?

ನ್ಯಾಮತಿಯಲ್ಲಿ ಒಂದು ಮದುವೆಗೆ ಹೋದಾಗ ಚಿಕ್ಕಮ್ಮನೂ ತವರಿಗೆ ಬಂದಿದ್ದಳು. ರಾಡು ಏನಾಯಿತೆಂದು ಕೇಳಿದೆ.

"ಇಲ್ಲೇ ಐತೆ. ಊದುಗೊಳವೆ ಆಗ್ತದೆ ಅಂತ ಇಟ್ಕಂಡಿದ್ದೆ. ಪಕ್ಕಕ್ಕೆ ಸೀಳು, ಗಾಳಿ ಎಲ್ಲಾ ಸೋರ್ತದೆ. ಈಗ ಹಂಡೆ ಒಲೆ ಬೂದಿ ಕೆದಕ್ತಾರೆ."

"ಯಾವ ತುದಿ ಕಡಿದಿದ್ರು ಅಂತ ನೋಡ್ಬೇಕಿತ್ತು ಚಿಕ್ಕಮ್ಮ."

"ಯಾವ ತುದಿಯಾದ್ರೆ ಏನೋ? ನಡೀತಿಲ್ವಾ ನಾನು? ಓದಿದ್ದು ಹೆಚ್ಚಾದ್ರೆ ಹಿಂಗೇ ಆಗೋದು" ಎಂದವಳು ಬಚ್ಚಲಿಗೆ ಹೋಗಿ ಮಸಿ ಹಿಡಿದ ರಾಡನ್ನು ತಂದು ನನ್ನ ಮುಂದಿಟ್ಟಳು. "ನೋಡ್ಕ. ನೋಡಿ ತೊಳೆದು ಇಡು."

ತೆಂಗಿನ ನಾರಿಗೆ ಬೂದಿ ಹಚ್ಚಿ ಉಜ್ಜಿದೆ. ಮಸಿ ಬಿಟ್ಟುಕೊಳ್ಳುತ್ತ ಬಂತು, ಒಳಗಿನ ಸ್ಟೀಲು ಬೆಳ್ಳಗೆ ಹೊರಬಿತ್ತು. ಬಿಸಿಲಿಗೆ ಹಿಡಿದು ಎರಡೂ ತುದಿ ನೋಡಿದೆ. ನಾನು ಚಿಕ್ಕಪ್ಪನಿಗೆ ಏನು ಹೇಳಿದೆ ಎಂಬುದನ್ನು ಆ ರಾಡು ಹೇಳಲಾರದು. ಅದು ಇನ್ನು ಎಲ್ಲಿಯೂ ಸಿಗುವುದಿಲ್ಲ. ಚೂಪು ತುದಿ ಕಾರ್ಖಾನೆಯಿಂದ ಬಂದ ಹಾಗೇ ಇತ್ತು, ಗರಗಸ ಅದಕ್ಕೆ ತಾಗಿರಲೇ ಇಲ್ಲ. ಇನ್ನೊಂದು ತುದಿಯ ಅಂಚಿನಲ್ಲಿ ಅರ ಉಜ್ಜಿದ ಗೆರೆಗಳಿದ್ದವು. ಅದರ ಕೆಳಗೆ ಕೈಯಿಂದ ಕೊರೆದ, ಪೂರ್ತಿ ದುಂಡಗಿಲ್ಲದ ಒಂದು ತೂತು, ಪಕ್ಕದಲ್ಲಿ ಕಾಳಿನಷ್ಟು ದೂರಕ್ಕೆ ಆಚೆ ದಾಟದ ಒಂದು ಸಣ್ಣ ತಗ್ಗು.